ಮೊಬೈಲಲ್ಲಿ ಬೋರ್ಡ್ ಗೇಮ್, ಇಸ್ಪೀಟು: ರೇಂಜ್ ಸರಿ ಇಲ್ಲದ ಕಡೆ ಯಾವುದು ಆಗ್ತದೆ?

ಪೆರ್ಲದ ಪಗಡೆ
ನಮಸ್ಕಾರ. ಆಡುವವರು ನಾಲ್ಕು ಜನ. ಇಬ್ಬರು ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ, ಒಬ್ಬರು ಬೆಂಗಳೂರು, ಒಬ್ಬರು ದುಬೈ. ಮೂರು ಆಂಡ್ರಾಯ್ಡ್, ಒಂದು ಐಫೋನ್. ಆಂಡ್ರಾಯ್ಡಲ್ಲಿ ಒಂದು 3 ಜಿಬಿ ರ‍್ಯಾಮ್‌ನ ಹಳೆ ಸೆಟ್. ಮಳೆ ಹಿಡಿದರೆ ಕರೆಂಟು, ವೈಫೈ, ರೇಂಜ್ ಮೂರೂ ಒಟ್ಟಿಗೇ ಹೋಗ್ತದೆ, ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಾರ್ಕಸೋನ್, ಕಟಾನ್, ಟಿಕೆಟ್ ಟು ರೈಡ್ ಇಂಥದ್ದು ಬೇಕು. ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಸಿಕ್ಕಿದರೆ ಮತ್ತೂ ಒಳ್ಳೆಯದು. ದುಡ್ಡು ಕೊಡ್ಲಿಕ್ಕೆ ತೊಂದರೆ ಇಲ್ಲ, ಆದರೆ ನಾಲ್ಕು ಜನವೂ ಬೇರೆ ಬೇರೆ ಕೊಡಬೇಕಾ? ಮಧ್ಯದಲ್ಲಿ ರೇಂಜ್ ಹೋದರೆ ಆಟ ಕೆಡದ್ದು ಯಾವುದು?

ಉಪ್ಪಳ ಎಕ್ಕ
ಲೂಡೋ ಹಾಕಿ, ಮುಗೀತು.

ಮುಳ್ಳೇರಿಯ ಮೀಪಲ್
ಆಟದ ಹೆಸರು ಆಮೇಲೆ ನೋಡುವ. ಮೊದಲು ಆಡುವ ಕ್ರಮ ಯಾವುದು ಅಂತ ಗೊತ್ತು ಮಾಡಿಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗೀತದೆ. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುವುದು ಒಂದು. ಒಂದೇ ಮನೆಯಲ್ಲಿ ಹಾಟ್‌ಸ್ಪಾಟ್ ಹಾಕಿ ಆಡುವುದು ಇನ್ನೊಂದು. ಎಲ್ಲರೂ ಒಂದೇ ಹೊತ್ತಿಗೆ ಆನ್‌ಲೈನ್ ಕೂತು ಗಡಿಯಾರ ಓಡಿಸಿಕೊಂಡು ಆಡುವುದು ಮೂರನೆಯದು. ಕೊನೆಯದ್ದು ಸರದಿ ಕ್ರಮ: ನಿಮ್ಮ ಸರದಿ ಬಂದಾಗ ಫೋನಿಗೆ ಸುದ್ದಿ ಬರ್ತದೆ, ನೀವು ಪುರುಸೊತ್ತಾದಾಗ ತೆರೆದು ನಡೆ ಹಾಕಿ ಮುಚ್ಚುವುದು. ಪೋಸ್ಟ್ ಕಾರ್ಡಲ್ಲಿ ಬರೆದು ಚೆಸ್ ಆಡ್ತಿದ್ದರಲ್ಲ, ಆ ನಮೂನೆ.

ನಿಮಗೆ ಬೇಕಾದ್ದು ಈ ಕೊನೆಯದ್ದೇ. ಆಟದ ಸ್ಥಿತಿ ಪೂರ್ತಿ ಸರ್ವರಲ್ಲಿರ್ತದೆ, ಫೋನ್ ಸತ್ತರೂ ಏನೂ ಹೋಗುವುದಿಲ್ಲ. ಒಂದು ನಡೆ ಕಳಿಸ್ಲಿಕ್ಕೆ ಬೇಕಾದ ಡೇಟಾ ಬಹಳ ಸ್ವಲ್ಪ, ಒಂದು ಕಡ್ಡಿ ರೇಂಜ್ ಇದ್ದರೂ ಹೋಗ್ತದೆ. ಗಡಿಯಾರದ ಆಟದಲ್ಲಿ ಹಾಗಲ್ಲ. ಎರಡು ನಿಮಿಷ ರೇಂಜ್ ಹೋದರೆ ಕೆಲವು ಆಪ್ ನಿಮ್ಮ ಜಾಗಕ್ಕೆ ಕಂಪ್ಯೂಟರನ್ನು ಕೂರಿಸ್ತವೆ, ಕೆಲವು ಸೋಲಿಸಿಯೇ ಬಿಡ್ತವೆ.

ಸರದಿ ಕ್ರಮಕ್ಕೆ ಎಲ್ಲಾ ಆಟವೂ ಒಗ್ಗುವುದಿಲ್ಲ. ಬೇರೆಯವರ ಸರದಿಯಲ್ಲಿ ನಿಮಗೆ ಏನೂ ಕೆಲಸ ಇರಬಾರದು, ಅದೇ ಅಳತೆ. ಕಾರ್ಕಸೋನ್ ಸರಿ: ಮೂಲ ಪೆಟ್ಟಿಗೆಯಲ್ಲಿ 72 ಟೈಲು (ಜೋಡಿಸುವ ಚೌಕ ತುಂಡು), ಒಂದು ಮೊದಲೇ ಮೇಜಿನ ಮೇಲೆ, ಉಳಿದ 71ನ್ನು ನಾಲ್ಕು ಜನ ಹಂಚಿಕೊಂಡರೆ ತಲಾ 18 ಸರದಿ ಹತ್ತಿರ. ದಿನಕ್ಕೆ ಎರಡು ಸುತ್ತು ಆದರೆ ಒಂಬತ್ತು ದಿನದಲ್ಲಿ ಆಟ ಮುಗೀತದೆ. ಸ್ಪ್ಲೆಂಡರ್ ಸರಿ, ಟಿಕೆಟ್ ಟು ರೈಡ್ ಸರಿ. ಕಟಾನ್ ಬೇಡ. ಒಬ್ಬ ದಾಳ ಹಾಕಿ 7 ಬಿದ್ದರೆ ಏಳಕ್ಕಿಂತ ಹೆಚ್ಚು ಎಲೆ (ಕಾರ್ಡು) ಇದ್ದವರೆಲ್ಲ ಅರ್ಧ ಬಿಡಬೇಕು, ಅವರು ಬಿಡುವ ತನಕ ಆಟ ನಿಲ್ತದೆ. ಮೇಲಿಂದ ಪ್ರತಿ ಸರದಿಗೂ 'ಕುರಿ ಉಂಟಾ, ಇಟ್ಟಿಗೆ ಕೊಡ್ತೇನೆ' ಅಂತ ವ್ಯಾಪಾರ. ದುಬೈಯವರು ಉತ್ತರ ಕೊಡುವಾಗ ಬೆಂಗಳೂರಿನವರು ಮಲಗಿರ್ತಾರೆ.

ಬಾಯಾರು ಭಾವ
ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಮಾತ್ರ. ಇಲ್ಲಿ ರಾತ್ರಿ ಹತ್ತೂವರೆ ಆದರೆ ಅಲ್ಲಿ ಒಂಬತ್ತು. ಅಷ್ಟಕ್ಕೆ ಕಟಾನ್ ಬಿಡುವುದಾ? ವಾರಕ್ಕೊಮ್ಮೆ ಒಂದು ಹೊತ್ತು ಗೊತ್ತು ಮಾಡಿ ಕೂತರೆ ಆಯ್ತು.

ಮುಳ್ಳೇರಿಯ ಮೀಪಲ್
@ಬಾಯಾರು ಭಾವ, ಹೊತ್ತು ಸಿಕ್ಕಬಹುದು ಭಾವ, ಆ ಹೊತ್ತಿಗೇ ರೇಂಜ್ ಇರ್ತದೆ ಅಂತ ಬರೆದು ಕೊಡ್ತೀರಾ? ಬೇಸಗೆಯಲ್ಲಿ ಕಟಾನ್ ಆಡಿ, ಮಳೆಗಾಲಕ್ಕೆ ಕಾರ್ಕಸೋನ್.

ನೀರ್ಚಾಲಿನವ
ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಆಂಡ್ರಾಯ್ಡಿನವರಿಗೆ ಪ್ಲೇ ಸ್ಟೋರಲ್ಲಿ ಫ್ಯಾಮಿಲಿ ಲೈಬ್ರರಿ ಉಂಟು. ಗುಂಪು ಮಾಡಿದವರೂ ಸೇರಿ ಆರು ಜನ. ಒಬ್ಬರು ಕೊಂಡ ಆಪನ್ನು ಉಳಿದವರು ಮತ್ತೆ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಆದರೆ ಮೂರು ತೊಡಕು. ಗುಂಪಿನವರೆಲ್ಲರ ಖಾತೆಯೂ ಒಂದೇ ದೇಶದ್ದಾಗಿರಬೇಕು, ದುಬೈಯವರ ಪ್ಲೇ ಖಾತೆ ಯುಎಇಯದ್ದಾದರೆ ಸೇರಿಸ್ಲಿಕ್ಕೆ ಆಗುವುದಿಲ್ಲ. ಐಫೋನಿನವರು ಇದರ ಹೊರಗೆ, ಅವರದ್ದು ಬೇರೆ ಅಂಗಡಿ. ಮೂರನೆಯದ್ದೇ ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಆಪಿನ ಒಳಗೆ ಕೊಂಡದ್ದು ಹಂಚಿಕೆ ಆಗುವುದಿಲ್ಲ. ಇಳಿಸಿಕೊಳ್ಳುವುದು ಫ್ರೀ, ಒಳಗೆ ಹೋಗಿ 'ಪೂರ್ತಿ ಆಟ ತೆರೆಯಿರಿ' ಅಂತ ದುಡ್ಡು ತೆಗೆದುಕೊಳ್ಳುವ ಆಪಾದರೆ ನಾಲ್ಕು ಜನವೂ ಬೇರೆ ಬೇರೆ ಕೊಡಬೇಕು. ಹೆಚ್ಚುವರಿ ನಕ್ಷೆ, ವಿಸ್ತರಣೆ ಎಲ್ಲ ಇದೇ ಲೆಕ್ಕ. ಅಂಗಡಿಯ ಪುಟದಲ್ಲಿ ಇನ್‌ಸ್ಟಾಲ್ ಗುಂಡಿಯ ಮೇಲೆಯೇ ಬೆಲೆ ಬರೆದಿದ್ದರೆ ಹಂಚಬಹುದು, ಇಲ್ಲದಿದ್ದರೆ ಅನುಮಾನ ಪಡಿ.

ತಗೊಂಡು ಆಗಲಿಲ್ಲ ಅಂತಾದರೆ 48 ಗಂಟೆಯೊಳಗೆ ಪ್ಲೇ ಸ್ಟೋರಲ್ಲೇ ರೀಫಂಡ್ ಕೇಳಿ. ಆಮೇಲೆ ಆಪ್ ಮಾಡಿದವರನ್ನೇ ಕೇಳಬೇಕು, ಅದು ತಲೆನೋವು. ಹಾಗಾಗಿ ಕೊಂಡ ದಿನವೇ ನಾಲ್ಕೂ ಫೋನಿಗೆ ಹಾಕಿ ಒಂದು ಆಟ ಶುರು ಮಾಡಿ ನೋಡಿಬಿಡಿ. ಮಾಳಿಗೆಯಲ್ಲಿಟ್ಟ ಪೆಟ್ಟಿಗೆಯಂತೆ ಮುಂದಿನ ರಜೆಗೆ ಅಂತ ಇಟ್ಟುಕೊಳ್ಳಬೇಡಿ.

ಲೆಕ್ಕದ ಮಾಷ್ಟ್ರು
ಇನ್ನೊಂದು ಸೇರಿಸ್ತೇನೆ. ಆಟದ ಹಕ್ಕು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಹೋದಾಗ ಹಳೆ ಆಪನ್ನು ಅಂಗಡಿಯಿಂದ ತೆಗೆದು ಹೊಸತು ಬಿಡುವುದುಂಟು. ಹಳೆಯದ್ದರಲ್ಲಿ ಕೊಂಡ ನಕ್ಷೆ ಹೊಸತಕ್ಕೆ ಬರುವುದಿಲ್ಲ. ವಿಸ್ತರಣೆ ಎಲ್ಲ ಒಟ್ಟಿಗೆ ಕೊಳ್ಳುವ ಮೊದಲು ಪುಟದ ಕೆಳಗೆ ಕೊನೆಯ ಅಪ್‌ಡೇಟ್ ತಾರೀಕು ನೋಡಿ. ವರ್ಷಗಟ್ಟಲೆ ಮುಟ್ಟದಿದ್ದರೆ ಮೂಲ ಆಟ ಮಾತ್ರ ಸಾಕು.

ಮುಳ್ಳೇರಿಯ ಮೀಪಲ್
ನಾಲ್ಕು ಜನ ಕೊಡಬೇಕಾಗಿಯೇ ಇಲ್ಲ ಮಾರಾಯ್ರೆ. ಬೋರ್ಡ್ ಗೇಮ್ ಅರೀನಾ ಉಂಟಲ್ಲ. 2010ರಿಂದ ಇರುವ ತಾಣ, 2021ರಲ್ಲಿ ಆಸ್ಮೋಡೀ ಅನ್ನುವ ಬೋರ್ಡ್ ಗೇಮ್ ಕಂಪೆನಿ ಕೊಂಡುಕೊಂಡಿತು. ಆಪ್ ಬೇಕಾಗಿಲ್ಲ, ಕ್ರೋಮಲ್ಲೇ ಓಡ್ತದೆ, ಐಫೋನಿನ ಸಫಾರಿಯಲ್ಲೂ. ಬಹಳಷ್ಟು ಆಟ ಫ್ರೀ. ಪ್ರೀಮಿಯಂ ಆಟ ಆದರೆ ಟೇಬಲ್ ತೆರೆಯುವ ಒಬ್ಬರು ಚಂದಾ ಕಟ್ಟಿದರೆ ಸಾಕು, ಉಳಿದವರು ಬಿಟ್ಟಿ ಸೇರಬಹುದು. ಟೇಬಲ್ ಮಾಡುವಾಗ ವೇಗ ಅಂತ ಒಂದು ಆಯ್ಕೆ ಬರ್ತದೆ, ಅಲ್ಲಿ ಸರದಿ ಕ್ರಮ ಹಾಕಿ ದಿನಕ್ಕೊಂದು ನಡೆ ಅಥವಾ ಅದಕ್ಕಿಂತ ನಿಧಾನದ್ದು ಇಡಿ. ದಿನಕ್ಕೆ ಎರಡು ಮೂರು ನಡೆ ಇಟ್ಟರೆ ಕರೆಂಟು ಹೋದ ದಿನ ಹೊತ್ತು ಮೀರ್ತದೆ.

ಮಧ್ಯದಲ್ಲಿ ಬಿಟ್ಟು ಹೋಗುವವರ ಕರ್ಮ ಇಳೀತದೆ. ಹೌದು, ಅಲ್ಲಿ ಅದರ ಹೆಸರೇ ಕರ್ಮ.

ಉಪ್ಪಳ ಎಕ್ಕ
ಬ್ರೌಸರಲ್ಲಿ ಕಣ್ಣು ಹೋಗ್ತದೆ. ಟೈಲು ಕಡ್ಲೆಯಷ್ಟು ಕಾಣ್ತದೆ.

ಮುಳ್ಳೇರಿಯ ಮೀಪಲ್
ಫೋನನ್ನು ಅಡ್ಡ ಹಿಡಿಯಿರಿ. ಕ್ರೋಮಿನ ಮೂರು ಚುಕ್ಕಿ ಒತ್ತಿ ಹೋಮ್ ಸ್ಕ್ರೀನಿಗೆ ಸೇರಿಸಿ, ಮೇಲಿನ ವಿಳಾಸದ ಪಟ್ಟಿ ಹೋಗಿ ಸ್ವಲ್ಪ ಜಾಗ ಸಿಕ್ತದೆ. ಆದರೆ ಒಂದು ಮಾತು ಒಪ್ಪಲೇಬೇಕು: ಎಲೆಯ ಮೇಲೆ ಸಣ್ಣ ಅಕ್ಷರ ತುಂಬಿದ ಆಟಗಳು ಫೋನಿಗೆ ಹೇಳಿದ್ದಲ್ಲ. ಟೆರಾಫಾರ್ಮಿಂಗ್ ಮಾರ್ಸಲ್ಲಿ 208 ಪ್ರಾಜೆಕ್ಟ್ ಎಲೆ ಉಂಟು, ಒಂದೊಂದರ ಮೇಲೂ ಬರಹ. ಪ್ರತಿಯೊಂದನ್ನೂ ದೊಡ್ಡದು ಮಾಡಿ ಓದಿ ಮುಗಿಸುವಾಗ ಚಾ ತಣಿದಿರ್ತದೆ. ವಿಂಗ್‌ಸ್ಪಾನ್ ಆಟದ ಹಕ್ಕಿ ಎಲೆಗಳೂ ಹಾಗೆಯೇ. ಚಿತ್ರ, ಬಣ್ಣದಲ್ಲೇ ನಡೆಯುವ ಆಟ ತಗೊಳ್ಳಿ. ಕಾರ್ಕಸೋನ್, ಸ್ಪ್ಲೆಂಡರ್, ಅಜುಲ್. ಇಂಗ್ಲಿಷ್ ಬರದ ಹಿರಿಯರೂ ಎರಡೇ ಆಟದಲ್ಲಿ ಹಿಡಿದುಕೊಳ್ತಾರೆ.

ಚೆನ್ನೆಮಣೆ ಅಕ್ಕ
ಟಿಕೆಟ್ ಟು ರೈಡಲ್ಲಿ ಬಣ್ಣ ಗುರುತಿಸ್ಲಿಕ್ಕೆ ಕಷ್ಟ ಆಗುವವರು ಸೆಟ್ಟಿಂಗಲ್ಲಿ ಬಣ್ಣಕುರುಡಿನ ಆಯ್ಕೆ ಉಂಟಾ ಅಂತ ಹುಡುಕಿ. ಪ್ರತಿ ಬಣ್ಣಕ್ಕೂ ಒಂದು ಗುರುತು ಬರ್ತದೆ. ನಕ್ಷೆ ದೊಡ್ಡದಾದಷ್ಟೂ ಬೆರಳು ಪಕ್ಕದ ದಾರಿಗೆ ತಾಗ್ತದೆ, ಅದಕ್ಕೆ 'ನಡೆ ಖಚಿತಪಡಿಸಿ' ಅನ್ನುವುದನ್ನು ಆನ್ ಮಾಡಿಡಿ. ಆರು ರೈಲುಡಬ್ಬಿ ಇಡುವ ದಾರಿಗೆ 15 ಅಂಕ, ಒಂದು ಡಬ್ಬಿಯದ್ದಕ್ಕೆ ಒಂದೇ ಅಂಕ. ತಪ್ಪಿ ತಾಗಿದರೆ ಆಟವೇ ಹೋಯ್ತು.

ಬಾಯಾರು ಭಾವ
ಕಾರ್ಕಸೋನ್ ಆಪಲ್ಲಿ ಇನ್ನು ಯಾವ ಟೈಲು ಎಷ್ಟು ಉಳಿದಿದೆ ಅಂತ ತೋರಿಸ್ತದೆ. ಯಾವ ಜಾಗಕ್ಕೆ ಇನ್ನು ಯಾವುದೂ ಕೂರುವುದಿಲ್ಲ ಅಂತ ಕಾಟು ಕೂಡ ಹಾಕ್ತದೆ. ಇದು ಮೋಸ ಅಲ್ಲವಾ? ಮೇಜಲ್ಲಿ ಆಡುವಾಗ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಮುಳ್ಳೇರಿಯ ಮೀಪಲ್
ಎಂತ ಮೋಸ? ಯಾವ ಟೈಲು ಎಷ್ಟು ಅನ್ನುವುದು ನಿಯಮದ ಪುಸ್ತಕದಲ್ಲೇ ಅಚ್ಚಾಗಿದೆ, ಗುಟ್ಟಿನದ್ದೇನಲ್ಲ. ಆಪಲ್ಲಿ ನಿಜವಾಗಿ ಎಡವುವುದು ರೈತನಲ್ಲಿ, ಅಂದರೆ ಹೊಲಕ್ಕೆ ಇಡುವ ಬೊಂಬೆಯಲ್ಲಿ. ಟೈಲು ಕೂರಿಸಿದ ಮೇಲೆ ಬೊಂಬೆ ಎಲ್ಲಿ ಇಡುವುದು ಅಂತ ಕೇಳ್ತದೆ, ಊರು, ದಾರಿ, ಹೊಲ ಮೂರೂ ಒಂದೇ ಅಂಗುಲದೊಳಗೆ. ಹೊಲಕ್ಕೆ ಇಟ್ಟ ಬೊಂಬೆ ಆಟ ಮುಗಿಯುವ ತನಕ ಕೈಗೆ ಬರುವುದಿಲ್ಲ. ಇರುವುದೇ ಏಳು ಬೊಂಬೆ. ದಾರಿಗೆ ಅಂತ ಹೋಗಿ ಹೊಲಕ್ಕೆ ಮಲಗಿಸಿದರೆ ಒಂದು ಬೊಂಬೆ ಕಡೆತನಕ ಅಲ್ಲೇ. ಟೈಲಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ಆಮೇಲೆ ಮುಟ್ಟಿ. ಹಾಗಂತ ರೈತ ಬೇಡ ಅಂತ ಅಲ್ಲ, ಹೊಲಕ್ಕೆ ತಾಗಿದ ಪೂರ್ತಿಯಾದ ಪ್ರತಿ ಊರಿಗೆ 3 ಅಂಕ, ನಾಲ್ಕೈದು ಊರು ಸಿಕ್ಕಿದರೆ ಅಲ್ಲೇ ಆಟ ತೀರ್ಮಾನ.

ಗಡಿನಾಡ ಗುಲಾಮ
ಇಪ್ಪತ್ತೆಂಟಿಗೆ ಬನ್ನಿ. ಪರದೇಶಿ ಆಟವೇ ಎಷ್ಟೊತ್ತು?

ಇದನ್ನು ಸರದಿ ಕ್ರಮದಲ್ಲಿ ಆಡ್ಲಿಕ್ಕೆ ಹೋಗಬೇಡಿ. ಒಂದು ಹಂಚಿಕೆಗೆ 32 ಎಲೆ ಬೀಳಬೇಕು, ಅದಕ್ಕೆ ಮೊದಲು ಕರೆ, ಅಂದರೆ ಎಷ್ಟು ಅಂಕ ಮಾಡ್ತೇವೆ ಅಂತ ಕೂಗುವುದು. ಒಂದೊಂದು ಎಲೆಗೂ ನಾಲ್ಕು ಗಂಟೆ ಕಾದರೆ ಒಂದು ಹಂಚಿಕೆಗೆ ಐದಾರು ದಿನ. ಆ ಹೊತ್ತಿಗೆ ಮೊದಲ ಕೈಯಲ್ಲಿ (ಎಲ್ಲರೂ ಒಂದೊಂದು ಎಲೆ ಹಾಕುವ ಸುತ್ತಲ್ಲಿ) ಯಾರು ಎಂತ ಹಾಕಿದರು ಅಂತ ಯಾರಿಗೂ ನೆನಪಿರುವುದಿಲ್ಲ. ಇಪ್ಪತ್ತೆಂಟು ಅಂದರೆ ಕೂತು ಆಡುವುದೇ.

ಪ್ಲೇ ಸ್ಟೋರಲ್ಲಿ ಹುಡುಕಿದರೆ ಬೇಕಾದಷ್ಟು ಸಿಕ್ತದೆ, ಯಾವುದು ಸರಿ ಅಂತ ನೋಡ್ಲಿಕ್ಕೆ ಕಂಪ್ಯೂಟರನ್ನು ಎದುರಾಳಿ ಮಾಡಿ ಒಂದು ಆಟ ಆಡಿ ಇಷ್ಟನ್ನು ಗಮನಿಸಿ. ಎಲೆಯ ಕ್ರಮ ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು ಆಗಿರಬೇಕು. ಗುಲಾಮಕ್ಕೆ 3, ಒಂಬತ್ತಕ್ಕೆ 2, ಎಕ್ಕ ಹತ್ತಕ್ಕೆ ಒಂದೊಂದು, ಒಂದು ಬಣ್ಣಕ್ಕೆ (ಇಸ್ಪೀಟು, ಆಟೀನು ಹೀಗೆ ಒಂದು ಜಾತಿಗೆ) 7, ನಾಲ್ಕು ಬಣ್ಣಕ್ಕೆ 28. ಇದು ಎಲ್ಲದರಲ್ಲೂ ಸರಿಯೇ ಇರ್ತದೆ. ಕೆಡುವುದು ತುರುಫಿನಲ್ಲಿ, ಅಂದರೆ ಬೇರೆ ಬಣ್ಣಗಳನ್ನು ಕಡಿಯುವ ಬಣ್ಣದಲ್ಲಿ.

ಮೊದಲ ನಾಲ್ಕು ಎಲೆ ಹಂಚಿ ಕರೆ ಶುರು, ಸಾಮಾನ್ಯ 14ರಿಂದ. ಕರೆ ಗೆದ್ದವ ಒಂದು ಎಲೆಯನ್ನು ಬೋರಲು ಇಡ್ತಾನೆ, ಅದೇ ತುರುಫು. ಆ ಎಲೆ ತೆರೆಯುವ ತನಕ ಅವನ ಕೈಗೆ ಸೇರಬಾರದು, ಆಡ್ಲಿಕ್ಕೆ ಸಿಕ್ಕಬಾರದು. ಕೆಲವು ಆಪಲ್ಲಿ ಅದು ಕೈಯೊಳಗೇ ಇದ್ದು ಬರೇ ಹೊಳೆಯುತ್ತಿರ್ತದೆ, ಅಂಥದ್ದನ್ನು ಆಗಲೇ ತೆಗೆದುಹಾಕಿ. ಮತ್ತೆ, ಕೇಳಿದ ಬಣ್ಣ ಇಲ್ಲದವನಿಗೆ ಎರಡು ದಾರಿ ಇರಬೇಕು: ಸುಮ್ಮನೆ ಬೇರೆ ಎಲೆ ಬಿಡುವುದು, ಇಲ್ಲದಿದ್ದರೆ ತುರುಫು ತೆರೆ ಅನ್ನುವುದು. ಕೇಳಿದ ಬಣ್ಣ ಇಲ್ಲ ಅಂದ ಕೂಡಲೇ ಆಪು ತಾನೇ ತುರುಫು ತೆರೆದರೆ ಆಟದ ಜೀವವೇ ಹೋಯ್ತು. ಜೊತೆಗಾರ ಗುಲಾಮ ಹಾಕಿ ಕೈ ಹಿಡಿದಿದ್ದಾನೆ, ನಿಮ್ಮಲ್ಲಿ ಆ ಬಣ್ಣ ಇಲ್ಲ, ಒಂದು ಎಕ್ಕವನ್ನೋ ಹತ್ತನ್ನೋ ಅವನ ಕೈಗೆ ಸೇರಿಸಿ ತುರುಫನ್ನು ಮುಚ್ಚಿಯೇ ಇಡುವುದು ಜಾಣತನ. ಅದಕ್ಕೆ ಅವಕಾಶ ಬೇಕು.

ಆಮೇಲೆ ತುರುಫಿನ ರಾಜ ರಾಣಿ ಒಂದೇ ಕೈಯಲ್ಲಿದ್ದರೆ ಜೋಡಿ. ತುರುಫು ತೆರೆದ ಮೇಲೆ, ನಿಮ್ಮ ಕಡೆಯವರು ಒಂದು ಕೈ ಹಿಡಿದ ಮೇಲೆ ತೋರಿಸಿದರೆ ನಾಲ್ಕು ಅಂಕದ ವ್ಯತ್ಯಾಸ: ಕರೆದವರ ಕಡೆಯದ್ದಾದರೆ ಗುರಿ 4 ಇಳೀತದೆ, ಎದುರಿನವರದ್ದಾದರೆ 4 ಏರ್ತದೆ. ಇದನ್ನು ಆನ್ ಆಫ್ ಮಾಡುವ ಅವಕಾಶ ಇರುವ ಆಪ್ ಆದರೆ ಒಳ್ಳೆಯದು, ಎಲ್ಲಾ ಕಡೆ ಜೋಡಿ ಇಟ್ಟು ಆಡುವುದಿಲ್ಲ.

ಉಪ್ಪಳ ಎಕ್ಕ
ಆರು ಜನ ಆದರೆ ಐವತ್ತಾರು.

ಗಡಿನಾಡ ಗುಲಾಮ
ಹೌದು. ಎರಡು ಕಟ್ಟು, ಏಳು ಎಂಟು ತೆಗೆದು ಒಂಬತ್ತರಿಂದ ಮೇಲಿನದ್ದು ಮಾತ್ರ. 48 ಎಲೆ, ತಲಾ ಎಂಟು. ಆದರೆ ಆರು ಜನಕ್ಕೂ ಒಂದೇ ಹೊತ್ತಿಗೆ ರೇಂಜ್ ಸಿಕ್ಕುವ ದಿನ ಹೇಳಿ, ನಾನೂ ಬರ್ತೇನೆ.

ಪೆರ್ಲದ ಪಗಡೆ
@ಗಡಿನಾಡ ಗುಲಾಮ, ಆಡುವಾಗ ಮಾತಾಡ್ಲಿಕ್ಕೆ ವಾಟ್ಸಾಪ್ ಗ್ರೂಪ್ ಕಾಲ್ ಹಾಕಿದರೆ ಆಗ್ತದಾ?

ಗಡಿನಾಡ ಗುಲಾಮ
3 ಜಿಬಿ ಫೋನಲ್ಲಿ ಕಾಲ್ ಮತ್ತು ಆಟ ಒಟ್ಟಿಗೆ ಬೇಡ, ಆಂಡ್ರಾಯ್ಡ್ ಎರಡರಲ್ಲಿ ಒಂದನ್ನು ಕೊಲ್ತದೆ, ಹೆಚ್ಚಾಗಿ ಆಟವನ್ನೇ. ಬೇರೆ ಫೋನಿದ್ದರೆ ಅದರಲ್ಲಿ ಕಾಲ್ ಹಾಕಿ. ಇನ್ನು ಆಟದಲ್ಲಿ ಅಂಕ ಕರೆಯುವ ಹೊತ್ತಿಗೆ ಎಲ್ಲರೂ ಮ್ಯೂಟ್. 'ಆಂ... ಹದಿನಾರು' ಅಂತ ಎಳೆದು ಹೇಳಿದರೆ ಜೊತೆಗಾರನಿಗೆ ಅರ್ಧ ಕೈ ಹೇಳಿದ ಹಾಗೆಯೇ.

ಕುಂಬ್ಳೆ ಕವಡೆ
ಈ ಆಪುಗಳೆಲ್ಲ ಕಳ್ಳಾಟ. ಲೂಡೋದಲ್ಲಿ ಹತ್ತು ಸಲ ಹಾಕಿದರೂ ಆರು ಬೀಳುವುದಿಲ್ಲ, ಎದುರಿನವನಿಗೆ ಸಾಲಾಗಿ ಬೀಳ್ತದೆ. ಇಪ್ಪತ್ತೆಂಟಲ್ಲಿ ಒಂದು ಗುಲಾಮವೂ ಇಲ್ಲದ ಕೈಯೇ ಬರುವುದು. ಮನೆಯಲ್ಲಿ ಕೈಯಲ್ಲಿ ಕಲಸಿ ಹಂಚಿದರೆ ಹೀಗೆ ಆಗುವುದುಂಟಾ?

ಲೆಕ್ಕದ ಮಾಷ್ಟ್ರು
ಲೆಕ್ಕ ಮಾಡುವ. ಒಂದು ಸಲಕ್ಕೆ ಆರು ಬೀಳದಿರುವ ಸಾಧ್ಯತೆ ಆರರಲ್ಲಿ ಐದು. ಹತ್ತು ಸಲಕ್ಕೂ ಬೀಳದಿರುವುದು ನೂರಕ್ಕೆ 16. ನಾಲ್ಕು ಜನ ಆಡುವಾಗ ಮೊದಲ ಹತ್ತು ಸಲದಲ್ಲಿ ಆರು ಕಾಣದವ ಒಬ್ಬನಾದರೂ ಇರುವ ಸಾಧ್ಯತೆ ನೂರಕ್ಕೆ 50ರ ಹತ್ತಿರ. ಅಂದರೆ ಎರಡು ಆಟಕ್ಕೊಮ್ಮೆ ಯಾರಾದರೂ ಒಬ್ಬರು ನಿಮ್ಮ ಹಾಗೆ ಬಯ್ಯುವುದು ಸಹಜ.

ಗುಲಾಮದ್ದು ಇನ್ನೂ ಸುಲಭ. 32 ಎಲೆಯಲ್ಲಿ ಎಂಟು ಬಂದಾಗ ನಾಲ್ಕು ಗುಲಾಮದಲ್ಲಿ ಒಂದೂ ಇಲ್ಲದಿರುವುದು ನೂರಕ್ಕೆ 30 ಸಲ ಹತ್ತಿರ. ಮೂರು ಹಂಚಿಕೆಗೆ ಒಂದು ಅಂತ ಇಟ್ಟುಕೊಳ್ಳಿ.

ಕೈಯಲ್ಲಿ ಕಲಸುವುದೇ ಸರಿಯಾದ ಕಲಸುವಿಕೆ ಅಂತ ಯಾರು ಹೇಳಿದ್ದು? ಆಟ ಮುಗಿದ ಮೇಲೆ ಹಿಡಿದ ಕೈಗಳನ್ನು ಹಾಗೆಯೇ ಒಟ್ಟು ಮಾಡ್ತೀರಿ, ಒಂದೇ ಬಣ್ಣದ ನಾಲ್ಕು ನಾಲ್ಕು ಎಲೆ ಅಂಟಿಕೊಂಡಿರ್ತವೆ. ನಾಲ್ಕು ಸಲ ಮೇಲೆ ಕೆಳಗೆ ಮಾಡಿ ಹಂಚಿದರೆ ಆ ನಾಲ್ಕು ಎಲೆ ನಾಲ್ಕು ಜನರಿಗೆ ಹೋಗ್ತವೆ, ಎಲ್ಲರಿಗೂ ಎಲ್ಲಾ ಬಣ್ಣವೂ ಹದವಾಗಿ ಸಿಕ್ತದೆ. 52 ಎಲೆಯ ಕಟ್ಟು ಸರಿ ಕಲಸಲು ಎರಡು ಭಾಗ ಮಾಡಿ ಹೆಣೆಯುವ ಕ್ರಮದಲ್ಲೇ ಏಳು ಸಲ ಬೇಕು ಅಂತ 1992ರಲ್ಲಿ ಬೇಯರ್, ಡಯಾಕೊನಿಸ್ ಅನ್ನುವ ಗಣಿತಜ್ಞರು ತೋರಿಸಿದ್ದಾರೆ. ನಾವು ಕಲಸುವ ಕ್ರಮದಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೇಕು. ಕಂಪ್ಯೂಟರು ಪೂರ್ತಿ ಕಲಸ್ತದೆ, ಹಾಗಾಗಿ ಒಂದೇ ಬಣ್ಣದ ಐದು ಎಲೆ, ಒಂದು ಬಣ್ಣವೇ ಇಲ್ಲದ ಕೈ ಹೆಚ್ಚು ಕಾಣ್ತದೆ. ಆಪಲ್ಲಿ ಕರೆ ಏರಿಸುವ ಮೊದಲು ಎದುರಿನವನಲ್ಲಿ ನಿಮ್ಮ ಬಣ್ಣ ಇಲ್ಲದಿರಬಹುದು ಅಂತ ಒಂದು ಅಂಕ ಕಡಿಮೆಯೇ ಹಿಡಿಯಿರಿ.

ಕುಂಬ್ಳೆ ಕವಡೆ
ಲೆಕ್ಕ ಎಲ್ಲ ಸರಿ ಮಾಷ್ಟ್ರೇ. ಒಳಗೆ ಕೋಡ್ ಎಂತ ಬರೆದಿದ್ದಾರೆ ಅಂತ ನೀವು ನೋಡಿದ್ದೀರಾ?

ಲೆಕ್ಕದ ಮಾಷ್ಟ್ರು
ನೋಡಬೇಕಾಗಿಲ್ಲ, ದಾಳದ ಫಲ ನೋಡಿದರೆ ಸಾಕು. 600 ಸಲದ್ದು ಬರೆದಿಡಿ, ನಿಮ್ಮದ್ದು ಮಾತ್ರ ಅಲ್ಲ, ಆಡುವ ಎಲ್ಲರದ್ದೂ. ಒಂದೊಂದು ಅಂಕೆ 100 ಸಲ ಹತ್ತಿರ ಬರಬೇಕು. 82ರಿಂದ 118ರ ಒಳಗಿದ್ದರೆ ಸುಮ್ಮನಿರಿ. ಆರು 60 ಸಲ ಮಾತ್ರ ಬಿದ್ದಿದ್ದರೆ ಇಲ್ಲಿ ಬಂದು ಹಾಕಿ, ನಾನೇ ಮುಂದೆ ನಿಂತು ಬಯ್ತೇನೆ. ನೆನಪಿನಿಂದ ಹೇಳುವುದು ಬೇಡ, ನೆನಪಿರುವುದು ಸೋತದ್ದು ಮಾತ್ರ.

ಕುಂಬ್ಳೆ ಕವಡೆ
600 ಬರೆಯುವ ಪುರುಸೊತ್ತಿದ್ದರೆ ಅಡಿಕೆ ಸುಲಿಯಬಹುದು.

ಬಾಯಾರು ಭಾವ
ಚೌಕಾಬಾರದ ಆಪಿಗೆ ಮಾಷ್ಟ್ರ ಪರೀಕ್ಷೆ ಬೇಕು. ನಾಲ್ಕು ಕವಡೆಯಲ್ಲಿ 1, 2, 3, 4, 8 ಐದು ಫಲ. ಐದಕ್ಕೂ ಸಮಸಮ ಪಾಲು ಕೊಟ್ಟರೆ ಆಟ ಹಾಳು. ಕವಡೆಯನ್ನು ನಾಣ್ಯದ ಹಾಗೆ ಎಣಿಸಿದರೂ 16ರಲ್ಲಿ 2 ಬರುವುದು ಆರು ಸಲ, 1 ಮತ್ತು 3 ನಾಲ್ಕು ನಾಲ್ಕು ಸಲ, 4 ಒಂದು, 8 ಒಂದು. ಎಂಟು ಐದಕ್ಕೊಂದು ಸಲ ಬೀಳುವ ಆಪಾದರೆ ಕಾಯಿಗಳೆಲ್ಲ ಓಡಿ ಓಡಿ ಹಣ್ಣಾಗ್ತವೆ, ಕಡಿಯುವ ಆಟವೇ ಇಲ್ಲ.

ಚೆನ್ನೆಮಣೆ ಅಕ್ಕ
ಚೆನ್ನೆಮಣೆಯ (ಅಳಗುಳಿಮಣೆಯ) ಸುದ್ದಿ ಯಾರೂ ಎತ್ತುವುದಿಲ್ಲ ನೋಡಿ. ಮಂಕಾಲ ಅಂತ ಸಿಗುವ ಆಪುಗಳನ್ನು ಚೆನ್ನೆಮಣೆ ಅಂತ ತಿಳಿದು ಇಳಿಸಿಕೊಳ್ಳಬೇಡಿ, ಅದು ಹೆಚ್ಚಾಗಿ ಕಲಾಹ್ ಅನ್ನುವ ಆಟ. ಅದರಲ್ಲಿ ಒಂದು ಬದಿಗೆ ಆರು ಗುಳಿ, ಎರಡು ತುದಿಗೆ ದೊಡ್ಡ ಗುಳಿ, ಬಿತ್ತುವಾಗ ನಮ್ಮ ದೊಡ್ಡ ಗುಳಿಗೂ ಒಂದು ಬೀಜ ಹಾಕುವುದು. ನಮ್ಮದು ಬದಿಗೆ ಏಳು, ಒಟ್ಟು 14 ಗುಳಿ, ನಾಲ್ಕು ನಾಲ್ಕರಂತೆ 56 ಬೀಜ. ಕೊನೆಯ ಬೀಜ ಬಿದ್ದ ಮೇಲೆ ಮುಂದಿನ ಗುಳಿಯಿಂದ ಎತ್ತಿ ಬಿತ್ತುತ್ತಾ ಹೋಗುವುದು, ಮುಂದಿನದ್ದು ಬರಿದಾಗಿದ್ದರೆ ಅದರಾಚೆಯದ್ದು ನಮಗೆ. ಕಲಾಹ್ ಆಡಿ ಅಭ್ಯಾಸ ಆದವರು ಆಟಿ ತಿಂಗಳಲ್ಲಿ ನಿಜವಾದ ಮಣೆಯ ಎದುರು ಕೂತರೆ ಕಣ್ಣು ಕಣ್ಣು ಬಿಡ್ತಾರೆ.

ದೂರದಲ್ಲಿರುವವರ ಜತೆ ಆಡ್ಲಿಕ್ಕೆ ಆಪೇ ಬೇಡ. ಇಬ್ಬರ ಹತ್ತಿರವೂ ಮಣೆ ಇದ್ದರೆ ಎಸ್ಎಂಎಸ್ ಸಾಕು. ಅಡಗಿಸುವ ಎಲೆ ಇಲ್ಲ, ದಾಳ ಇಲ್ಲ, ಯಾವ ಗುಳಿಯಿಂದ ಎತ್ತಿದ್ದು ಅಂತ ಒಂದೇ ಅಂಕಿ ಕಳಿಸಿದರೆ ಉಳಿದದ್ದು ಎರಡೂ ಮಣೆಯಲ್ಲಿ ಒಂದೇ ರೀತಿ ನಡೀತದೆ. ನಮ್ಮ ನಮ್ಮ ಎಡಗಡೆಯಿಂದ 1ರಿಂದ 7 ಅಂತ ಎಣಿಕೆ, ಬಿತ್ತುವ ದಿಕ್ಕು ಮೊದಲೇ ಮಾತಾಡಿಕೊಳ್ಳಿ. ಅಂಕಿಯ ಹಿಂದೆ ಆವರೆಗೆ ಗೆದ್ದ ಬೀಜದ ಲೆಕ್ಕವನ್ನೂ ಸೇರಿಸಿ, '5, 12' ಅಂತ. ಇಬ್ಬರೂ ಗೆದ್ದದ್ದು ಮತ್ತು ಮಣೆಯಲ್ಲಿ ಉಳಿದದ್ದು ಕೂಡಿದರೆ 56 ಬರಬೇಕು, ಬರದಿದ್ದರೆ ಯಾರೋ ಒಂದು ಬೀಜ ತಪ್ಪಿಸಿದ್ದಾರೆ. ಒಂದು ನಡೆ ಹಿಂದೆ ಹೋಗಿ ಸರಿ ಮಾಡಿ. ಡೇಟಾ ಇಲ್ಲದ ದಿನವೂ ಎಸ್ಎಂಎಸ್ ಹೋಗ್ತದೆ.

ಮುಳ್ಳೇರಿಯ ಮೀಪಲ್
ಅಕ್ಕಾ, ಇದು ಮಾತ್ರ ಬೆಸ್ಟ್.

ನೀರ್ಚಾಲಿನವ
ಚೆಸ್ ಬೇಕಾದರೆ ಲಿಚೆಸ್. ಪೂರ್ತಿ ಫ್ರೀ, ಒಂದು ಜಾಹೀರಾತಿಲ್ಲ. ಟಪಾಲಿನ ಹಾಗೆ ಒಂದು ನಡೆಗೆ ಒಂದು ದಿನದಿಂದ 14 ದಿನದ ತನಕ ಇಟ್ಟುಕೊಳ್ಳಬಹುದು. ರೇಂಜ್ ಇಲ್ಲದಾಗ ಆಪಲ್ಲೇ ಕಂಪ್ಯೂಟರಿನ ಎದುರು ಆಡಬಹುದು, ಎದುರುಬದುರು ಕೂತು ಒಂದೇ ಫೋನಲ್ಲೂ ಆಡಬಹುದು.

ಪೆರ್ಲದ ಪಗಡೆ
ಬದಿಯಡ್ಕದವರು ಮನೆಗೆ ಬಂದಾಗ ನೆಟ್ ಇಲ್ಲದೆ ಎರಡು ಫೋನಲ್ಲಿ ಆಡುವುದು ಹೇಗೆ? ಒಂದೇ ಫೋನ್ ದಾಟಿಸಿದರೆ ಎಲೆ ಎಲ್ಲ ಕಾಣ್ತದಲ್ಲ.

ನೀರ್ಚಾಲಿನವ
ಎಲೆ ಅಡಗಿಸುವ ಆಟದಲ್ಲಿ ಒಂದೇ ಫೋನ್ ಅಂದರೆ ಪ್ರತಿ ಸರದಿಗೂ 'ಫೋನನ್ನು ಇಂಥವರಿಗೆ ಕೊಡಿ' ಅಂತ ಒಂದು ಪರದೆ ಬರಬೇಕು. ಬರುವ ಆಪ್ ಉಂಟು, ಆದರೆ ಸರದಿಗೆ ಹತ್ತು ಸೆಕೆಂಡು ಅದರಲ್ಲೇ ಹೋಗ್ತದೆ. ಎಲ್ಲರಿಗೂ ಎಲ್ಲವೂ ಕಾಣುವ ಕಾರ್ಕಸೋನ್, ಲೂಡೋ, ಚೆಸ್ ಇಂಥದ್ದಕ್ಕೆ ಮಾತ್ರ ಒಂದೇ ಫೋನ್, ಟ್ಯಾಬ್ ಇದ್ದರೆ ನಡುವೆ ಅಂಗಾತ ಇಡಿ.

ಎರಡು ಫೋನಿಗಾದರೆ ಆಪಲ್ಲಿ ಲೋಕಲ್ ನೆಟ್‌ವರ್ಕ್ ಆಟ ಅಂತ ಬೇರೆಯೇ ಆಯ್ಕೆ ಇರಬೇಕು, ಎಲ್ಲದರಲ್ಲೂ ಇರುವುದಿಲ್ಲ. ಒಂದು ಫೋನಲ್ಲಿ ಹಾಟ್‌ಸ್ಪಾಟ್ ಹಾಕಿ ಮೊಬೈಲ್ ಡೇಟಾ ಆಫ್ ಮಾಡಿ. ಇನ್ನೊಂದು ಅದಕ್ಕೆ ಸೇರಿದ ಕೂಡಲೇ 'ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಲಾ' ಅಂತ ಕೇಳ್ತದೆ, ಹೌದು ಅನ್ನಿ. ಅಲ್ಲಿ ಬೇಡ ಅಂದರೆ ಫೋನ್ ಮೆಲ್ಲ ಡೇಟಾಕ್ಕೆ ಹಾರಿ ಆಟ ಕಾಣುವುದೇ ಇಲ್ಲ. ಹಾಟ್‌ಸ್ಪಾಟ್ ಹಾಕಿದ ಫೋನಲ್ಲೇ ಆಟ ಹೋಸ್ಟ್ ಮಾಡಿ. ಆದರೂ ಒಂದಕ್ಕೊಂದು ಕಾಣದಿದ್ದರೆ ಎರಡರಲ್ಲೂ ಆಪಿನ ಆವೃತ್ತಿ ಒಂದೇ ಉಂಟಾ ನೋಡಿ, ಮತ್ತೆ ಆಪಿನ ಅನುಮತಿಯಲ್ಲಿ ಹತ್ತಿರದ ಸಾಧನ, ಲೊಕೇಶನ್ ಎರಡನ್ನೂ ಕೊಡಿ. ಮನೆಯ ರೂಟರ್ ಮೂಲಕ ಆಡುವುದಾದರೆ ಗೆಸ್ಟ್ ವೈಫೈಗೆ ಸೇರಬೇಡಿ, ಅಲ್ಲಿ ಒಂದು ಫೋನಿಗೆ ಇನ್ನೊಂದು ಕಾಣದ ಹಾಗೆ ಅಡ್ಡ ಹಾಕಿರ್ತಾರೆ.

ಉಪ್ಪಳ ಎಕ್ಕ
ಗಡಿಯ ತಲಪಾಡಿ ಹತ್ತಿರ ಇರುವವರಿಗೆ ಒಂದು. ಫೋನ್ ಒಮ್ಮೆ ಕೇರಳದ ಟವರ್, ಒಮ್ಮೆ ಕರ್ನಾಟಕದ್ದು ಹಿಡೀತದೆ. ಹಾರುವಾಗೆಲ್ಲ ಡೇಟಾ ಒಂದು ಗಳಿಗೆ ಕಡಿದು ಮತ್ತೆ ಸೇರ್ತದೆ, ಗಡಿಯಾರದ ಆಟ ಅಷ್ಟಕ್ಕೇ ಹೊರಗೆ ಹಾಕ್ತದೆ. ಸಿಮ್ಮಿನ ಸೆಟ್ಟಿಂಗಲ್ಲಿ ನೆಟ್‌ವರ್ಕ್ ಆಪರೇಟರ್ ತೆರೆದು ಆಟೋಮೆಟಿಕ್ ತೆಗೆಯಿರಿ, ಪಟ್ಟಿ ಬರ್ಲಿಕ್ಕೆ ಒಂದೆರಡು ನಿಮಿಷ ಬೇಕು, ಗಟ್ಟಿ ಇರುವುದನ್ನು ಆರಿಸಿ. ಊರು ಬಿಟ್ಟು ಹೊರಡುವಾಗ ಮತ್ತೆ ಆಟೋಮೆಟಿಕ್ ಹಾಕಿ, ಮರೆತರೆ ಮುಂದಿನ ಊರಲ್ಲಿ ರೇಂಜೇ ಬರ್ಲಿಕ್ಕಿಲ್ಲ.

ಮುಳ್ಳೇರಿಯ ಮೀಪಲ್
ಲೂಡೋ ಒಂದೇ ಸಾಕು ಅಂದವರು ಇವರೇ!

ಪೆರ್ಲದ ಪಗಡೆ
ಅರೀನಾ ಹಾಕಿ ನೋಡಿದೆವು, ನಡೆ ಹೋಗ್ತದೆ. ಆದರೆ ಹಳೆ ಸೆಟ್ಟಿಗೆ 'ನಿಮ್ಮ ಸರದಿ' ಅಂತ ಸುದ್ದಿ ಬರುವುದಿಲ್ಲ.

ನೀರ್ಚಾಲಿನವ
ಬ್ಯಾಟರಿ ಉಳಿಸುವ ಚಾಳಿ. ಸೆಟ್ಟಿಂಗ್, ಆಪ್ಸ್, ಅಲ್ಲಿ ಕ್ರೋಮ್ ಅಥವಾ ಆ ಆಟ, ಬ್ಯಾಟರಿ, ನಿರ್ಬಂಧ ಇಲ್ಲ ಅಂತ ಮಾಡಿ. ಕೆಲವು ಫೋನಲ್ಲಿ ಆಟೋಸ್ಟಾರ್ಟ್ ಅಂತ ಬೇರೆ ಇನ್ನೊಂದು ಗುಂಡಿ ಉಂಟು, ಅದನ್ನೂ ಆನ್ ಮಾಡಬೇಕು. ಇತ್ತೀಚಿನ ಆಪ್ ಪಟ್ಟಿಯಿಂದ ಎಲ್ಲವನ್ನೂ ಒರೆಸಿ ಹಾಕುವ ಅಭ್ಯಾಸ ಬಿಡಿ. ಇಷ್ಟಾದರೂ ಬಾರದಿದ್ದರೆ ಅರೀನಾ ಖಾತೆಯಲ್ಲಿ ಇಮೇಲ್ ಸುದ್ದಿ ಆನ್ ಮಾಡಿ, ಜಿಮೇಲ್ ತಪ್ಪದೆ ಕೂಗ್ತದೆ.

ಬಾಯಾರು ಭಾವ
ನಡುವೆ ಒಂದು ಸಂಶಯ. ರಮ್ಮಿ ಆಪೆಲ್ಲ ನಿಂತಿತಲ್ಲ, ಈ ಇಪ್ಪತ್ತೆಂಟಿಗೂ ಕಾನೂನಿನ ತೊಂದರೆ ಉಂಟಾ?

ಲೆಕ್ಕದ ಮಾಷ್ಟ್ರು
ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಕ್ಕೆ ಮಾತ್ರ ತಡೆ. 2025ರ ಆಗಸ್ಟಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಅದು, ಅದರಲ್ಲಿ ಕೌಶಲದ ಆಟ, ಅದೃಷ್ಟದ ಆಟ ಅಂತ ಭೇದ ಇಲ್ಲ. ಅದಕ್ಕೆ ಮೊದಲು ಕೇರಳ ಸರಕಾರ 2021ರ ಫೆಬ್ರವರಿಯಲ್ಲಿ ದುಡ್ಡಿನ ಆನ್‌ಲೈನ್ ರಮ್ಮಿ ನಿಲ್ಲಿಸಿತ್ತು, ಸೆಪ್ಟೆಂಬರಲ್ಲಿ ಹೈಕೋರ್ಟ್ ಆ ಆದೇಶ ತೆಗೆದುಹಾಕಿತು. ಈಗಿನದ್ದು ಕೇಂದ್ರದ್ದು. ಆಪನ್ನು ಕೊಳ್ಳುವ ದುಡ್ಡು, ಚಂದಾ ಇದರಲ್ಲಿ ಬರುವುದಿಲ್ಲ. ಪಣ ಇಲ್ಲದೆ ಆಡುವ ಇಪ್ಪತ್ತೆಂಟಿಗೆ ಯಾರೂ ಕೇಳುವವರಿಲ್ಲ.

ಆದರೆ ವಾಟ್ಸಾಪಲ್ಲಿ 'ರಮ್ಮಿ ಇನ್ನೂ ನಡೀತದೆ, ಈ ಫೈಲ್ ಹಾಕಿ' ಅಂತ ಬರುವ ಎಪಿಕೆ ಅನ್ನುವ ಆಪ್ ಫೈಲನ್ನು ಮುಟ್ಟಬೇಡಿ. ಎಸ್ಎಂಎಸ್ ಓದುವ ಅನುಮತಿ ಕೇಳುವ ಇಸ್ಪೀಟು ಆಪಿಗೆ ನಿಮ್ಮ ಒಟಿಪಿ ಬಿಟ್ಟರೆ ಬೇರೆ ಎಂತ ಬೇಕು?

ಕುಂಬ್ಳೆ ಕವಡೆ
ಅದು ಮಾತ್ರ ಸತ್ಯ. ಮತ್ತೆ ಜಾಹೀರಾತಿಗೆ ಮದ್ದು: ಕಂಪ್ಯೂಟರಿನ ಎದುರು ಆಡುವಾಗ ಏರೋಪ್ಲೇನ್ ಮೋಡ್ ಹಾಕಿ. ಮಕ್ಕಳ ಕೈಗೆ ಕೊಡುವ ಮೊದಲು ಪ್ಲೇ ಸ್ಟೋರಿನ ಸೆಟ್ಟಿಂಗಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ, ಸೆಕ್ಯುರಿಟಿಯಲ್ಲಿ ಆಪ್ ಪಿನ್ನಿಂಗ್ ಆನ್ ಮಾಡಿ ಲೂಡೋವನ್ನು ಪಿನ್ ಮಾಡಿ. ಅದರ ಹೊರಗೆ ಹೋಗುವಾಗ ಲಾಕ್ ಕೇಳುವ ಆಯ್ಕೆಯನ್ನೂ ಅಲ್ಲೇ ಆನ್ ಮಾಡಿ.

ಗಡಿನಾಡ ಗುಲಾಮ
@ಪೆರ್ಲದ ಪಗಡೆ, ಕಾರ್ಕಸೋನ್ ಸರದಿ ಕ್ರಮದಲ್ಲಿ ನಡೀಲಿ, ಅದಕ್ಕೆ ನನ್ನ ತಕರಾರಿಲ್ಲ. ಇಪ್ಪತ್ತೆಂಟಿಗೆ ಆದಿತ್ಯವಾರ ರಾತ್ರಿ ಹತ್ತೂವರೆ ಇಡಿ. ಖಾಸಗಿ ಟೇಬಲ್ ಮಾಡಿ ಕೋಡ್ ಕಳಿಸಿ, ಒಂದು ಎಲೆಗೆ ಅರ್ಧ ನಿಮಿಷಕ್ಕಿಂತ ಕಡಿಮೆ ಹೊತ್ತು ಇಡಬೇಡಿ, ಜೋಡಿ ಉಂಟಾ ಇಲ್ಲವಾ ಅಂತ ಕೂರುವ ಮೊದಲೇ ಹೇಳಿ. ಒಬ್ಬರ ರೇಂಜ್ ಹೋದರೆ ಕಂಪ್ಯೂಟರು ಆಡಿದ ಹಂಚಿಕೆ ಲೆಕ್ಕಕ್ಕಿಲ್ಲ.

ಪೆರ್ಲದ ಪಗಡೆ
ಜೋಡಿ ಉಂಟು. ದುಬೈಯವರು ಐಫೋನು, ಆ ಆಪ್ ಅವರ ಅಂಗಡಿಯಲ್ಲಿ ಸಿಕ್ತದಾ ಅಂತ ಕೇಳಿ ಹೇಳ್ತೇನೆ.

ಉಪ್ಪಳ ಎಕ್ಕ
ಸಿಕ್ಕದಿದ್ದರೆ ಅವರ ಜಾಗಕ್ಕೆ ನಾನು ಉಂಟು. 14ಕ್ಕೆ ಪಾಸ್ ಹೇಳುವವರು ಜೊತೆಗಾರ ಬೇಡ.